ಒಂದೇ ಭಾರತ, ಮೂರು ಕಾಲ

"ಸಾಹಿತ್ಯ ಅದರ ಕಾಲದ ಕನ್ನಡಿ ಅಂತಾರೆ. ಆದರೆ ನಮ್ಮ ಹಳೆಯ ಕವಿಗಳು ಬರೆದದ್ದು ಹೆಚ್ಚಾಗಿ ಪುರಾಣದ ಕಥೆಗಳನ್ನೇ. ಅದರಲ್ಲಿ ಅವರ ಕಾಲ, ಅವರ ನಾಡು ಎಲ್ಲಿ ಕಾಣುತ್ತದೆ?" ಎಂದು ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ. ನನಗೂ ಬಹಳ ದಿನ ಇದೇ ಅನುಮಾನವಿತ್ತು. ಕನ್ನಡದ ಬೇರೆ ಬೇರೆ ಮಹಾಭಾರತಗಳನ್ನು ಒಂದರ ಹಿಂದೆ ಒಂದು ಓದಿದ ಮೇಲೆ ಅದು ಹೋಯಿತು. ಕಥೆ ಹಳೆಯದಾದಷ್ಟೂ ಕಾಲ ಚೆನ್ನಾಗಿ ಕಾಣುತ್ತದೆ ಅನ್ನಿಸುತ್ತದೆ ನನಗೆ. ಕಥೆ ಎಲ್ಲರಿಗೂ ಗೊತ್ತಿರುವಾಗ, ಕವಿ ಎಲ್ಲಿ ಬದಲಾಯಿಸಿದ ಎನ್ನುವುದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅವನ ಕಾಲ ಇರುವುದು ಆ ಬದಲಾವಣೆಯಲ್ಲಿ.

ಮೊದಲು ಪಂಪ. ಮಹಾಭಾರತದ ಕಥೆ ಹೇಳುವ ಅವನ 'ವಿಕ್ರಮಾರ್ಜುನ ವಿಜಯ' ಬಂದದ್ದು ಸುಮಾರು 941ರಲ್ಲಿ. ಅವನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ರಾಜ ಅರಿಕೇಸರಿ. ಪಂಪ ಈ ಅರಿಕೇಸರಿಯನ್ನೇ ಅರ್ಜುನ ಮಾಡಿಬಿಟ್ಟ. ಆಮೇಲೆ ಕಥೆ ಇದ್ದ ಹಾಗೇ ಉಳಿಯಲು ಸಾಧ್ಯವೇ ಇಲ್ಲ. ರಾಜನ ಹೆಂಡತಿಯನ್ನು ಐದು ಜನ ಹಂಚಿಕೊಳ್ಳುವುದು ಹೇಗೆ? ಅದಕ್ಕೆ ಇಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟವೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಂಪ ಬರೀ ಕವಿಯಲ್ಲ, ಕತ್ತಿ ಹಿಡಿದವನೂ ಹೌದು. ಉಂಡ ಅನ್ನಕ್ಕೆ ಪ್ರಾಣ ಕೊಡುವುದು ದೊಡ್ಡ ಗುಣ ಎಂದು ನಂಬಿದ್ದ ವೀರರ ಕಾಲ ಅದು. ಅದಕ್ಕೆ 'ಜೋಳವಾಳಿ' ಅನ್ನುವ ಮಾತೇ ಇತ್ತು. ಯಾರ ಜೋಳ ಉಂಡೆವೋ ಅವರ ಋಣ ತೀರಿಸುವುದು. ಪಂಪನ ಕರ್ಣ ಯಾಕೆ ಅಷ್ಟು ಎತ್ತರಕ್ಕೆ ಬೆಳೆದ ಎನ್ನುವುದು ಇದು ತಿಳಿದ ಮೇಲೆ ನನಗೆ ಅರ್ಥವಾಯಿತು. ಹೊಗಳಬೇಕಾದ್ದು ಅರ್ಜುನನನ್ನು, ಮನಸ್ಸು ಸೋತದ್ದು ಕರ್ಣನಿಗೆ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಅವನೇ ಹೇಳುತ್ತಾನೆ.

ಇನ್ನು ನಾಡು. ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿಗೆ ಬರುತ್ತಾನೆ. ಅಲ್ಲಿ ಪಂಪ ಕಥೆಯನ್ನು ಪಕ್ಕಕ್ಕಿಟ್ಟುಬಿಡುತ್ತಾನೆ. ತೆಂಕಣ ಗಾಳಿ ಸೋಕಿದರೆ, ಅರಳಿದ ಮಲ್ಲಿಗೆ ಕಂಡರೆ ಬನವಾಸಿ ನೆನಪಾಗುತ್ತದೆ. ಮನುಷ್ಯನಾಗಿ ಆಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಅಲ್ಲಿನ ತೋಟದಲ್ಲಿ ಹುಟ್ಟಬೇಕು ಎನ್ನುತ್ತಾನೆ. ಈ ಆಸೆ ಅರ್ಜುನನದಲ್ಲ, ಪಂಪನದೇ. ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗ ಸುಮಾರು ಐದು ಶತಮಾನ ದಾಟಿ ಗದುಗಿಗೆ ಬನ್ನಿ. ಕುಮಾರವ್ಯಾಸನಿಗೆ ಒಡೆಯ ಯಾವ ರಾಜನೂ ಅಲ್ಲ, ಗದುಗಿನ ವೀರನಾರಾಯಣ. ಕವಿಯೂ ಅವನೇ, ನಾನು ಬರೆದುಕೊಂಡವನು ಅಷ್ಟೇ ಎನ್ನುತ್ತಾನೆ. ಹೇಳಹೊರಟದ್ದೂ ಕೃಷ್ಣನ ಕಥೆಯನ್ನು. ಪಂಪನಲ್ಲಿ ವೀರ ತನ್ನ ಶಕ್ತಿಯಿಂದ ಗೆಲ್ಲುತ್ತಾನೆ. ಇಲ್ಲಿ ಎಲ್ಲದರ ಹಿಂದೆ ಕೃಷ್ಣನ ಕೈ ಇದೆ. ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದಾಗ ಐದು ಜನ ಗಂಡಂದಿರಿಂದ ಆಗದ್ದು ಆ ಹೆಸರಿನಿಂದ ಆಗುತ್ತದೆ. ನಾಡೆಲ್ಲ ಭಕ್ತಿ ಹರಡಿದ್ದ ಕಾಲ ಅದು. ಅವನು ಬಳಸಿದ ಆರು ಸಾಲಿನ ಷಟ್ಪದಿಯೂ ಗಟ್ಟಿಯಾಗಿ ಹಾಡಿ ಹತ್ತು ಜನರಿಗೆ ಕೇಳಿಸುವುದಕ್ಕೆ ಹೇಳಿ ಮಾಡಿಸಿದ ಛಂದಸ್ಸು. ಓದು ಬಾರದವರಿಗೂ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಿಂದ ಭಾರತ ತಲುಪಿತು. ಕೇಳುಗರು ಬದಲಾದರೆ ಕಾವ್ಯದ ದನಿಯೂ ಬದಲಾಗುತ್ತದೆ, ಅಲ್ವಾ?

ಮೂರನೆಯದು ಭೈರಪ್ಪನವರ ಕಾದಂಬರಿ 'ಪರ್ವ', 1979ರದ್ದು. ಇಲ್ಲಿ ಪವಾಡಗಳೇ ಇಲ್ಲ. ದೇವತೆಗಳು ಹಿಮಾಲಯದ ಬೆಟ್ಟಗಳಲ್ಲಿ ಬದುಕುವ ಒಂದು ಜನ. ಪಾಂಡವರು ಹುಟ್ಟಿದ್ದು ನಿಯೋಗದಿಂದ, ಅಂದರೆ ಗಂಡನಿಂದ ಮಕ್ಕಳಾಗದಿದ್ದಾಗ ಬೇರೊಬ್ಬನಿಂದ ಮಗು ಪಡೆಯುವ ಹಳೆಯ ಪದ್ಧತಿಯಿಂದ. ಕುಂತಿ, ದ್ರೌಪದಿ, ಭೀಮ ಒಬ್ಬೊಬ್ಬರೂ ತಮ್ಮ ನೋವನ್ನು ಒಳಗೊಳಗೇ ನೆನೆಯುತ್ತಾರೆ. ಇದು ನಿಜಕ್ಕೂ ನಡೆದಿದ್ದರೆ ಹೇಗೆ ನಡೆದಿರಬಹುದು ಎಂದು ಕೇಳುವ ಮನಸ್ಸು ಇದರ ಹಿಂದಿದೆ. ವಿಜ್ಞಾನ, ಮಾನವಶಾಸ್ತ್ರ ಓದಿದ ಕಾಲದ ಮನಸ್ಸು ಅದು. ಭೈರಪ್ಪನವರನ್ನು ಒಪ್ಪಿ, ಬಿಡಿ. ಕುಮಾರವ್ಯಾಸನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕನ್ನಡಿ ಎನ್ನುವ ಮಾತು ನನಗೆ ಸಾಲದು. ಯಾರ ಕೈಯಲ್ಲಿ ಕನ್ನಡಿ ಇದೆಯೋ ಅವರ ಮುಖವೇ ಅದರಲ್ಲಿ ಜಾಸ್ತಿ ಕಾಣುವುದು. ಪಂಪನಲ್ಲಿ ಆಸ್ಥಾನ, ರಣರಂಗ ಎಷ್ಟು ಸ್ಪಷ್ಟ! ಹೊಲದಲ್ಲಿ ಆ ಜೋಳ ಬೆಳೆದವರು? ಅವರ ಮಾತು ಅಲ್ಲಿ ಕೇಳಿಸುವುದಿಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಕಾಯಕದವರ ದನಿ, ಹೆಂಗಸರ ದನಿ ಬಂತು. 1933ರಲ್ಲಿ ಕಾರಂತರು 'ಚೋಮನ ದುಡಿ' ಬರೆದರು. ತನ್ನದೇ ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂದು ಹಂಬಲಿಸುವ ದಲಿತನ ಕಥೆ ಅದು. ಎಷ್ಟೇ ಕರುಣೆಯಿದ್ದರೂ ಅದು ಹೊರಗೆ ನಿಂತು ನೋಡಿದ್ದು. ಅದೇ ಲೋಕ ಒಳಗಿನಿಂದ ಮಾತಾಡಿದಾಗ ಹೇಗಿರುತ್ತದೆ ಎಂದು ತಿಳಿಯಲು ದೇವನೂರ ಮಹಾದೇವರ 'ಕುಸುಮಬಾಲೆ' ಓದಿ. 1980ರ ದಶಕದ ಪುಸ್ತಕ. ನಂಜನಗೂಡು ಕಡೆಯ ಆಡುಮಾತಿನಲ್ಲೇ ಇದೆ. ಕನ್ನಡದವರಿಗೇ ಮೊದಲು ಕಷ್ಟವಾಗುತ್ತದೆ. ಬಾಯಿ ಬಿಟ್ಟು ಓದಿದರೆ ದಾರಿ ಬಿಟ್ಟುಕೊಡುತ್ತದೆ. ಪಂಪ ತನ್ನ ನಾಡನ್ನು ಬಣ್ಣಿಸಿದ; ಇಲ್ಲಿ ನಾಡೇ ಮಾತಾಡುತ್ತದೆ.

ಇಷ್ಟನ್ನೂ ಒಮ್ಮೆಗೇ ಓದಲು ಹೋಗಬೇಡಿ. ಒಂದೇ ಸನ್ನಿವೇಶದಿಂದ ಶುರು ಮಾಡಿ: ಕೃಷ್ಣ ಕರ್ಣನಿಗೆ ಅವನ ಹುಟ್ಟನ್ನು ಹೇಳುವ ಭಾಗ. ಪಂಪ, ಕುಮಾರವ್ಯಾಸ ಇಬ್ಬರದೂ ಹೊಸಗನ್ನಡ ಗದ್ಯಾನುವಾದದ ಜೊತೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಕರ್ಣ ಯಾವ ಮಾತಿನಿಂದ 'ಬರುವುದಿಲ್ಲ' ಎನ್ನುತ್ತಾನೆ, ಕೃಷ್ಣ ಯಾವ ಮನಸ್ಸಿನಿಂದ ಕರೆಯುತ್ತಾನೆ ಎಂದು ನೋಡಿ. ನಿಮಗೆ ಏನು ಕಂಡಿತು ಎಂದು ಇಲ್ಲೇ ಬರೆದರೆ ನನಗೆ ತುಂಬಾ ಸಂತೋಷ.