ಹುಲ್ಲು ಕತ್ತರಿಸುವ ಯಂತ್ರದ ಬಳಕೆಯಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳೇನು?

ಮೊದಲನೆಯದು ಮೊಂಡು ಬ್ಲೇಡ್. ಕತ್ತರಿಸಿದ ಮಾರನೇ ದಿನ ಒಂದು ಹುಲ್ಲಿನ ಎಸಳು ಕಿತ್ತು ನೋಡಿ. ತುದಿ ನೀಟಾಗಿದ್ದರೆ ಸರಿ. ನಾರುನಾರಾಗಿ ಹರಿದು ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲೇಡ್ ಕೊಯ್ಯುತ್ತಿಲ್ಲ, ಹುಲ್ಲನ್ನು ಸೀಳುತ್ತಿದೆ. ಸುಮಾರು 25 ಗಂಟೆ ಓಡಿಸಿದ ಮೇಲೆ ಒಮ್ಮೆ ಸಾಣೆ ಹಿಡಿಸಿ. ಆಮೇಲೆ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ. ಒಂದು ಕಡೆ ವಾಲಿದರೆ ಆ ಕಡೆ ತೂಕ ಜಾಸ್ತಿ, ಇನ್ನೂ ಸ್ವಲ್ಪ ಉಜ್ಜಬೇಕು. ಹಾಗೇ ಹಾಕಿದರೆ ಯಂತ್ರ ಗಡಗಡ ನಡುಗುತ್ತದೆ.

ಇಲ್ಲೊಂದು ಮಾತು, ದಯವಿಟ್ಟು ಗಮನಿಸಿ. ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ಎಂಜಿನ್ ಆಫ್ ಆಗಿದೆ ಅಂತ ಸುಮ್ನೆ ಕೈ ಹಾಕಬೇಡಿ. ಬ್ಲೇಡ್ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಕರೆಂಟಿನದ್ದಾದರೆ ಪ್ಲಗ್ ಕೀಳಿ, ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆದಿಡಿ.

ಮತ್ತೆ, ಪದೇ ಪದೇ ಕತ್ತರಿಸೋದು ಬೇಡ ಅಂತ ಒಂದೇ ಸಲ ನುಣ್ಣಗೆ ಬೋಳಿಸುತ್ತಾರೆ. ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಬುಡ ಬಿಸಿಲಿಗೆ ಬಿದ್ದರೆ ಬೇರು ಸೊರಗುತ್ತದೆ, ಕಳೆಗೆ ಜಾಗ ಸಿಗುತ್ತದೆ. ಒದ್ದೆ ಹುಲ್ಲು ಕತ್ತರಿಸಿದರೆ ಅದು ಮುದ್ದೆಯಾಗಿ ಯಂತ್ರದ ಅಡಿಗೆ ಅಂಟುತ್ತದೆ. ಕೆರೆದು ತೆಗೆಯದಿದ್ದರೆ ತಗಡು ತುಕ್ಕು ಹಿಡಿಯುತ್ತದೆ.

ಪೆಟ್ರೋಲ್ ಯಂತ್ರವಾದರೆ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ. ಅದು ಅಂಟಂಟಾಗಿ, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. 'ಸ್ಟಾರ್ಟೇ ಆಗ್ತಿಲ್ಲ' ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ. ಅಡಿ ತೊಳೆಯಲು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಗಡೆ ಇರಲಿ, ಇಲ್ಲಾಂದ್ರೆ ಆಯಿಲ್ ಅದರೊಳಗೆ ಇಳಿಯುತ್ತದೆ.