ಅಮ್ಮನ ಸಣ್ಣ ಮಾತು ಮೀರಿದರೆ ಪಾಪ ಬರುತ್ತಾ?

ಸ್ವೆಟರ್ ಹಾಕಿಕೊಳ್ಳದೆ ಹೊರಟೆ, ಅಮ್ಮ ಬಡಿಸಲು ಬಂದ ಇನ್ನೊಂದು ದೋಸೆ ಬೇಡ ಅಂದೆ, ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ‘ಮಾತೃದೇವೋ ಭವ’ ಅಂತ ಇರುವಾಗ ಇದು ಪಾಪ ಅಲ್ವಾ, ಪ್ರಾಯಶ್ಚಿತ್ತ ಏನು ಅಂತ ಕೇಳಿದ್ದೀರಿ. ನಾನು ಹೀಗೇ 20 ವರ್ಷ ಬದುಕಿದವಳು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ದೇವರ ಗೂಡಿನಲ್ಲಿ ಧರ್ಮಸ್ಥಳದ ಮುಡಿಪು ಯಾವಾಗಲೂ ಇರುತ್ತಿತ್ತು. ಅದನ್ನು ನೋಡಿ ಎಂಟನೇ ಕ್ಲಾಸಿನಲ್ಲಿ ನಾನೂ ಒಂದು ಬೋರ್ನ್‌ವೀಟಾ ಡಬ್ಬಿ ಇಟ್ಟುಕೊಂಡೆ. ಅಮ್ಮನ ಮಾತು ಮೀರಿದಾಗಲೆಲ್ಲ ಅದಕ್ಕೆ ಒಂದು ರೂಪಾಯಿ ತಪ್ಪುಕಾಣಿಕೆ. ಮಳೆಯಲ್ಲಿ ನೆನೆದು ಬಂದು ತಲೆ ಒರೆಸದಿದ್ದರೆ ಒಂದು. ಸ್ನಾನಕ್ಕೆ ಮೊದಲೇ ಕಾಫಿ ಕುಡಿದರೆ ಒಂದು. ಕಾಸಿಲ್ಲದ ದಿನ ಹುಣಸೆಬೀಜ ಹಾಕಿಟ್ಟು, ಕಾಸು ಸಿಕ್ಕಮೇಲೆ ಬೀಜ ತೆಗೆದು ನಾಣ್ಯ ಹಾಕುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗ ಸೀರೆಗಳ ನಡುವೆ ಆ ಡಬ್ಬಿಯೂ ಬಂತು.

ನನ್ನ ತಪ್ಪು ನಡೆದದ್ದು ಒಂದು ವರ್ಷದ ಪುಷ್ಯ ಮಳೆಯಲ್ಲಿ. ಅಪ್ಪ ತೀರಿಕೊಂಡಿದ್ದರು, ಅಮ್ಮ ಊರಲ್ಲಿ ಒಬ್ಬಳೇ. ಫೋನು ಮಾಡಿದಾಗ “ಸ್ವಲ್ಪ ಜ್ವರ. ತೋಟದ ಕಾಲುವೆ ಬಿಡಿಸಿದ್ದಕ್ಕೋ ಏನೋ, ಮೀನಖಂಡ ಮುಟ್ಟಕ್ಕೆ ಆಗ್ತಾ ಇಲ್ಲ” ಅಂದಳು. ನಾನು ಬರ್ತೀನಿ ಅಂದೆ. “ಬರೋದು ಬೇಡ ಮಾರಾಯ್ತಿ, ಮಳೆ ಜೋರಿದೆ” ಅಂದಳು. ಅಷ್ಟೊತ್ತಿಗೆ ಬ್ಯಾಗಿಗೆ ಎರಡು ಸೀರೆ ತುಂಬಿ ಆಗಿತ್ತು. ಅವನ್ನು ತೆಗೆದು ವಾಪಸ್ ಬೀರುವಿನಲ್ಲಿಟ್ಟೆ. ಗಂಡ ಬೈಕಿನ ಕೀ ಹಿಡಿದು ನಿಂತಿದ್ದರು. ಅಮ್ಮ ಬೇಡ ಅಂದಿದ್ದಾಳೆ ಅಂದೆ.

ಇಲ್ಲಿ ಸ್ವಲ್ಪ ನಿಲ್ಲಿ, ಇದನ್ನು ಬಿಡಿಸಿ ಹೇಳಬೇಕು. ಹೋಗದೆ ಉಳಿದದ್ದು ತಪ್ಪೇ. ಆದರೆ ಅದಕ್ಕಿಂತ ದೊಡ್ಡದು ಅದರ ಹಿಂದೆ ಇತ್ತು. ಮೂರು ದಿನ ದಿನಾ ಫೋನು ಮಾಡಿದೆ, ಮೂರು ದಿನವೂ ಅವಳು ಬೇಡ ಅಂದಳು, ಮೂರು ದಿನವೂ ನನಗೆ ನಿರಾಳವಾಯಿತು. ಮಾತು ಮೀರಲಿಲ್ಲ, ಡಬ್ಬಿಗೆ ಹಾಕುವ ಹಾಗಿಲ್ಲ ಅಂತ. ಕಣ್ಣು ಕೆಂಪಾಗಿದೆ ಅಂದದ್ದು ಕೇಳಿಸಿತ್ತು. ಅನ್ನ ಸೇರ್ತಿಲ್ಲ ಅಂದದ್ದೂ ಕೇಳಿಸಿತ್ತು. ಅವಳ ದನಿ ಎರಡನೇ ದಿನಕ್ಕೇ ಬೇರೆಯಾಗಿತ್ತು, ಅದೂ ಗೊತ್ತಾಗಿತ್ತು. ಆದರೆ ನಾನು ಫೋನು ಹಿಡಿದು ಕಾಯುತ್ತಿದ್ದದ್ದು ‘ಬೇಡ’ ಅನ್ನುವ ಒಂದು ಮಾತಿಗೆ ಮಾತ್ರ. ಅದು ಸಿಕ್ಕಿದ ಕೂಡಲೇ ಮಿಕ್ಕಿದ್ದೆಲ್ಲ ಜಾರಿ ಹೋಗುತ್ತಿತ್ತು. 60 ಕಿಲೋಮೀಟರ್ ದೂರದಲ್ಲಿ ಅಮ್ಮ ಸುಡುತ್ತಿದ್ದಳು, ನಾನು ನನ್ನ ಪಾಪದ ಲೆಕ್ಕ ನೋಡುತ್ತಿದ್ದೆ. ದೇವರ ಭಯ ಅಂದುಕೊಂಡಿದ್ದೆ ಅದನ್ನು. ಅದರಲ್ಲಿ ದೇವರೂ ಇರಲಿಲ್ಲ, ಅಮ್ಮನೂ ಇರಲಿಲ್ಲ, ನಾನೊಬ್ಬಳೇ ಇದ್ದೆ.

ನಾಲ್ಕನೇ ದಿನ ಪಕ್ಕದ ಮನೆಯವರು ಫೋನು ಮಾಡಿದರು. ಕಣ್ಣು ಹಳದಿ ತಿರುಗಿತ್ತು, ಮೂತ್ರ ನಿಂತುಹೋಗಿತ್ತು. ಇಲಿ ಜ್ವರ. ಮೊದಲೇ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುವಂಥದ್ದು. ನಿಂತ ನೀರಲ್ಲಿ, ಕೆಸರಲ್ಲಿ ಕೆಲಸ ಮಾಡಿದ ಮೇಲೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ತಡಮಾಡಬೇಡಿ, ದಯವಿಟ್ಟು. ಅಮ್ಮನಿಗೆ ಕಿಡ್ನಿಗೆ ಇಳಿದಿತ್ತು. ನಾಲ್ಕು ಸಲ ಡಯಾಲಿಸಿಸ್ ಆಯಿತು. ಉಳಿದಳು. ವಾರ್ಡಿನಲ್ಲಿ ಕಣ್ಣು ಬಿಟ್ಟು ಹೇಳಿದ್ದು: “ದಿನಾ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಜಗಲಿಗೆ ಬಂದು ಕೂತಿರ್ತಿದ್ದೆ.”

ಮಾತೃದೇವೋ ಭವ ಬರುವುದು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, 11ನೇ ಅನುವಾಕದಲ್ಲಿ. ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದೆ ಓದಿ. ದೋಷವಿಲ್ಲದ ಕೆಲಸ ಯಾವುದೋ ಅದನ್ನು ಮಾತ್ರ ಮಾಡು, ‘ನೋ ಇತರಾಣಿ’, ಬೇರೆಯದು ಬೇಡ ಅಂತಿದೆ. ಅದರ ಮುಂದಿನ ಸಾಲಿನಲ್ಲಿ ಗುರುವೇ ಶಿಷ್ಯನಿಗೆ, ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಹಿಡಿ ಅನ್ನುತ್ತಾನೆ. ಹಿರಿಯರನ್ನು ದೇವರು ಅಂದ ಬಾಯಲ್ಲೇ, ಅವರಿಂದ ಏನು ತಗೋಬೇಕು ಅಂತ ನೀನೇ ನೋಡು ಅಂದ ಹಾಗಾಯಿತಲ್ಲ?

ನಮ್ಮೂರ ಕಡೆ ಇನ್ನೊಂದು ಕಥೆ ಇದೆ. ಅಪ್ಪನ ಮಾತಿಗೆ ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ರಕ್ತದ ಕಲೆ ಅಂಟಿಕೊಂಡಿತ್ತು, ಎಲ್ಲಿ ತೊಳೆದರೂ ಎಳ್ಳಿನಷ್ಟು ಉಳಿದೇ ಇತ್ತು, ಕೊನೆಗೆ ತೀರ್ಥಹಳ್ಳಿಯಲ್ಲಿ ತುಂಗೆಗೆ ಅದ್ದಿದಾಗ ಹೋಯಿತು ಅಂತ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಪ್ರತಿ ವರ್ಷ ಕೇಳಿದ ಕಥೆ. ಅಪ್ಪನ ಮಾತು ನಡೆಸಿದ ಮಗ ಅನ್ನುವುದನ್ನು ಮಾತ್ರ ನಾನು ಚಿಕ್ಕಂದಿನಿಂದ ಹಿಡಿದುಕೊಂಡಿದ್ದೆ. ಮಾತು ಮೀರದವನ ಕೊಡಲಿಗೂ ಕಲೆ ಯಾಕೆ ಉಳಿಯಿತು ಅಂತ ಕೇಳಿಕೊಂಡದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಆದ್ದರಿಂದ ಪ್ರಾಯಶ್ಚಿತ್ತ ಕೇಳಬೇಡಿ. ನಾನು ಹೇಳುವುದೂ ಇಲ್ಲ. ಒಂದು ಹೇಳಿದರೆ ನಾಳೆ ಇನ್ನೊಂದು ಬೇಕಾಗುತ್ತೆ, ನನ್ನ ಡಬ್ಬಿ ತುಂಬಿದ್ದು ಹಾಗೇ. ದೋಸೆ ಬೇಡವಾ, ಬೇಡಮ್ಮ ಹೊಟ್ಟೆ ತುಂಬಿದೆ ಅಂತ ಅವರ ಮುಖ ನೋಡಿ ಹೇಳಿ. ಆ ಮುಖ ಸಪ್ಪಗಾಯಿತಾ, ಪಕ್ಕದಲ್ಲಿ ಎರಡು ನಿಮಿಷ ಕೂತುಕೊಳ್ಳಿ. ಇನ್ನು, ಈ ಯೋಚನೆ ದಿನವಿಡೀ ಸುತ್ತುತ್ತಿದ್ದರೆ, ಎಷ್ಟು ಸಲ ಕೈ ಮುಗಿದರೂ ಸಾಲದು ಅನಿಸಿದರೆ, ಅದು ಭಕ್ತಿ ಇರಲಿಕ್ಕಿಲ್ಲ, ಗೀಳು ಇರಬಹುದು. ಅದಕ್ಕೆ ಮದ್ದಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಹೋಗಿದ್ದು ಶಿವಮೊಗ್ಗದ ಒಬ್ಬ ಮನೋವೈದ್ಯರ ಹತ್ತಿರ. ಮೊದಲೇ ಹೋಗಬೇಕಿತ್ತು.

ಅಮ್ಮ ಚೇತರಿಸಿಕೊಂಡ ಮೇಲೆ ಡಬ್ಬಿಯನ್ನು ಅವಳ ಮುಂದೆ ಸುರಿದು ಎಲ್ಲ ಹೇಳಿದೆ. ಹುಣಸೆಬೀಜವೂ ಎರಡಿದ್ದವು. ನಾಣ್ಯಗಳನ್ನು ಬೆರಳಲ್ಲಿ ಸರಿಸುತ್ತಾ ತುಂಬಾ ಹೊತ್ತು ಕೂತಿದ್ದಳು. ಆಮೇಲೆ, “ಇಷ್ಟೆಲ್ಲ ಹೇಳಿದ್ನೇನೇ ನಾನು? ಒಂದೂ ನೆನಪಿಲ್ವಲ್ಲೇ” ಅಂದಳು.