ಸೋದರತ್ತೆ ಮಗಳಿಗೆ ಸಿಕಲ್ ಸೆಲ್ ವಾಹಕ ಅಂತ ಕಾರ್ಡ್ ಬಂದಿದೆ, ಮದುವೆ ಆಗಬಹುದಾ?

ಹುಡುಗಿಯ ಕಾರ್ಡ್ ಒಂದನ್ನೇ ನೋಡಿ ಹೇಳೋಕೆ ಆಗುವುದಿಲ್ಲ. ನಿಮ್ಮ ರಕ್ತವೂ ಪರೀಕ್ಷೆ ಆಗಬೇಕು. ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಂಥ ವಿಷಯ ಬಂದಾಗ ಹುಡುಗಿಯನ್ನೇ ಮತ್ತೆ ಮತ್ತೆ ಟೆಸ್ಟ್‌ಗೆ ಕರೆತರುತ್ತಾರೆ, ಹುಡುಗನ ಸುದ್ದಿಗೇ ಯಾರೂ ಹೋಗುವುದಿಲ್ಲ.

ಸಿಕಲ್ ಸೆಲ್ ಅಂದ್ರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹೆತ್ತವರಿಂದ ಬರುವ ರಕ್ತದ ಕಾಯಿಲೆ. ವಾಹಕ ಅಂದ್ರೆ ರೋಗಿ ಅಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಜೋಡಿ ಜೀನ್‌ಗಳಲ್ಲಿ ಒಂದು ಸರಿ ಇದೆ, ಇನ್ನೊಂದು ಸರಿ ಇಲ್ಲ, ಅಷ್ಟೇ. ಇದು ಅಂಟುವುದೂ ಇಲ್ಲ. ನೀವೂ ವಾಹಕರಾಗಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%, ಅದೂ ಪ್ರತಿ ಬಸಿರಿಗೂ. ನಾಲ್ಕರಲ್ಲಿ ಒಂದು ಅಂದ್ರೆ ಮೊದಲನೆಯದಕ್ಕೆ ಬಂದಾಯ್ತು, ಉಳಿದ ಮೂರು ಆರಾಮ ಅಂತ ಲೆಕ್ಕ ಹಾಕುವವರೂ ಇದ್ದಾರೆ! ನಮ್ಮ ಕಡೆ ಸೋದರಿಕೆ ಮದುವೆ ಮಾಮೂಲಿ, ಅಲ್ವಾ? ಆ ಜೀನ್ ನಿಮ್ಮ ಅತ್ತೆಯಿಂದಲೇ ಬಂದಿದ್ದರೆ ನಿಮ್ಮಲ್ಲೂ ಇರುವ ಸಾಧ್ಯತೆ ಹೊರಗಿನವರಿಗಿಂತ ಜಾಸ್ತಿ.

2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್‌ನಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದ್ದರು, ಕರ್ನಾಟಕವೂ ಅದರಲ್ಲಿ ಸೇರಿತ್ತು. ಕ್ಯಾಂಪ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಮಾಡುವುದು ಸಾಲ್ಯುಬಿಲಿಟಿ ಟೆಸ್ಟ್. ಒಂದಿಷ್ಟು ರಕ್ತವನ್ನು ದ್ರಾವಣಕ್ಕೆ ಹಾಕಿ, ಟ್ಯೂಬಿನ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತೇವೆ, ಗೆರೆ ಕಂಡರೆ ನೆಗೆಟಿವ್, ದ್ರಾವಣ ಮಸುಕಾಗಿ ಗೆರೆ ಮುಚ್ಚಿಹೋದರೆ ಪಾಸಿಟಿವ್. ಆದರೆ ಅದರಲ್ಲಿ ವಾಹಕ ಯಾರು, ರೋಗಿ ಯಾರು ಅಂತ ತಿಳಿಯುವುದಿಲ್ಲ. ನೆಗೆಟಿವ್ ಬಂತು ಅಂತ ಸುಮ್ನೆ ಕೂರಲೂಬೇಡಿ. ನೀವು ಬೀಟಾ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಇನ್ನೊಂದು ಕಾಯಿಲೆ) ವಾಹಕರಾಗಿದ್ದರೆ ಈ ಟೆಸ್ಟ್‌ನಲ್ಲಿ ಗೊತ್ತಾಗುವುದೇ ಇಲ್ಲ, ಆದರೆ ಅದೂ ಹುಡುಗಿಯ ಜೀನೂ ಸೇರಿದರೆ ಮಗುವಿಗೆ ಸಿಕಲ್ ಕಾಯಿಲೆಯೇ ಬರಬಹುದು. ಅದಕ್ಕೇ ಎಚ್‌ಪಿಎಲ್‌ಸಿ, ಅಂದ್ರೆ ರಕ್ತದಲ್ಲಿ ಯಾವ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಬಿಡಿಸಿ ತೋರಿಸುವ ಟೆಸ್ಟ್ ಮಾಡಿಸಿ ಅನ್ನುವುದು. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ವಿಚಾರಿಸಿ ನೋಡಿ.

ನಿಮ್ಮದು ನಾರ್ಮಲ್ ಬಂದರೆ ಈ ಕಾರಣಕ್ಕೆ ಮದುವೆ ನಿಲ್ಲಿಸಬೇಕಿಲ್ಲ, ಮಕ್ಕಳು ಹೆಚ್ಚೆಂದರೆ ವಾಹಕರಾಗುತ್ತಾರೆ. ಇಬ್ಬರೂ ವಾಹಕರು ಅಂತ ಬಂದರೆ ಡಾಕ್ಟರ ಹತ್ತಿರ ಕೂತು ಮಾತಾಡಿ. ಬಸಿರಿನ ಮೂರನೇ ತಿಂಗಳ ಹೊತ್ತಿಗೇ ಭ್ರೂಣದ ಪರೀಕ್ಷೆ ಮಾಡಿಸಬಹುದು. ಕಾಯಿಲೆ ಇರುವ ಮಕ್ಕಳಿಗೂ ಈಗ ನೋವಿನ ಕಾಟ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಇದೆ, ಸೋಂಕು ತಗಲದಿರಲಿ ಅಂತ ಐದು ವರ್ಷದವರೆಗೆ ಪೆನ್ಸಿಲಿನ್ ಕೊಡುತ್ತಾರೆ. ನಮ್ಮ ಬಿಸಿಲಲ್ಲಿ ಅವರಿಗೆ ನೀರು ಕಡಿಮೆಯಾದರೆ ಮೈಕೈ ನೋವು ಜೋರಾಗಿ ಆಸ್ಪತ್ರೆ ಸೇರಬೇಕಾಗುತ್ತದೆ, ಜ್ವರ ಬಂದರಂತೂ ಕಾಯಬಾರದು.

ಹೋಗುವಾಗ ಹುಡುಗಿಯ ರಿಪೋರ್ಟೂ ಜೊತೆಗಿರಲಿ. ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ರಿಪೋರ್ಟ್‌ನಲ್ಲಿ ದಾನಿಯ ರಕ್ತವೂ ಬೆರೆತು ಬರುತ್ತದೆ.